ಮಡಕೆಯ ಚಿತ್ರ, ನಮ್ಮ ಕೈಬರಹ



ಹಬ್ಬ ಬಂತು. ಮದುವೆ ಬಂತು. ತಂಗಿಗೆ ಹೆರಿಗೆ ಆಯಿತು. ಮಗ ಪರೀಕ್ಷೆಯಲ್ಲಿ ಪಾಸಾದ. ಇಂಥ ಹೊತ್ತಿನಲ್ಲಿ ನಮ್ಮ ಸಂತೋಷ ತಿಳಿಸಬೇಕು ಅನ್ನಿಸುತ್ತದೆ. ಅದಕ್ಕೆ ಕಳಿಸುವ ಕಾಗದವೇ ಶುಭಾಶಯ ಪತ್ರ. ಇದನ್ನು ಎಲ್ಲರೂ ಗ್ರೀಟಿಂಗ್ ಕಾರ್ಡು ಎನ್ನುತ್ತಾರೆ.

ಅಂಗಡಿಯಲ್ಲಿ ಈ ಕಾರ್ಡು ಸಿಗುತ್ತದೆ. ಅದರ ಮೇಲೆ ಗುಲಾಬಿ ಹೂವು ಇರುತ್ತದೆ. ಒಳಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಅಚ್ಚಾಗಿರುತ್ತದೆ. ಆ ಸಾಲು ಬರೆದವರು ಯಾರೋ. ಈಗ ಮೊಬೈಲಿನಲ್ಲೂ ಶುಭಾಶಯ ಬರುತ್ತದೆ. ಒಂದೇ ಚಿತ್ರವನ್ನು ನೂರು ಜನಕ್ಕೆ ಕಳಿಸುತ್ತಾರೆ. ನೋಡುತ್ತೇವೆ, ಮರೆಯುತ್ತೇವೆ.

ನಾವೇ ಒಂದು ಕಾರ್ಡು ಮಾಡಿದರೆ ಹೇಗೆ? ಚಿತ್ರ ನಮ್ಮದು. ಬಣ್ಣ ನಮ್ಮದು. ಮಾತೂ ನಮ್ಮದೇ. ಇದು ಕಷ್ಟದ ಕೆಲಸವಲ್ಲ. ರಂಗೋಲಿ ಬಿಡುವ ಕೈಗೆ ಇದು ಸುಲಭ. ಹೇಗೆ ಮಾಡುವುದು ಎಂದು ಈ ಪಾಠದಲ್ಲಿ ನೋಡೋಣ.

ಬರೆಸಿದ ಕಾಗದ, ಬರೆದ ಕಾಗದ

ಮೊದಲು ಒಂದು ಮಾತು. ಓದು ಬರಹ ಬಾರದಿದ್ದಾಗ ನಾವು ಕಾಗದ ಹೇಗೆ ಬರೆಸುತ್ತಿದ್ದೆವು? ಪಕ್ಕದ ಮನೆಯ ಹುಡುಗನನ್ನು ಕರೆಯುತ್ತಿದ್ದೆವು. ಇಲ್ಲವೇ ಅಂಚೆಯಣ್ಣನನ್ನು ಬೇಡುತ್ತಿದ್ದೆವು. ನಾವು ಹೇಳಬೇಕು, ಅವರು ಬರೆಯಬೇಕು.

ತಾಯಿ ಮಗಳಿಗೆ ಕಾಗದ ಬರೆಸುತ್ತಾಳೆ. "ಚೆನ್ನಾಗಿದ್ದೀಯಾ ಮಗಾ? ಗಂಡನ ಮನೆಯಲ್ಲಿ ಕಷ್ಟ ಏನೂ ಇಲ್ವಾ?" ಎಂದು ಕೇಳಬೇಕು ಅನ್ನಿಸುತ್ತದೆ. ಆದರೆ ಬರೆಯುವವನು ಎದುರಿಗೆ ಕೂತಿದ್ದಾನೆ. ಮನೆಯ ಮಾತನ್ನು ಅವನ ಮುಂದೆ ಹೇಗೆ ಆಡುವುದು? ಬಾಯಿಗೆ ಬಂದ ಮಾತು ಬಾಯಲ್ಲೇ ಉಳಿಯುತ್ತದೆ. "ಎಲ್ಲಾ ಕ್ಷೇಮ ಅಂತ ಬರಿಯಪ್ಪ" ಎಂದು ತಾಯಿ ಮುಗಿಸುತ್ತಾಳೆ. ಆ ಕಡೆ ಮಗಳಿಗೂ ಓದಲು ಬಾರದು. ಅವಳ ಕಾಗದವನ್ನು ಇನ್ನೊಬ್ಬರು ಗಟ್ಟಿಯಾಗಿ ಓದುತ್ತಾರೆ. ಅತ್ತೆ ಮಾವ ಎಲ್ಲರೂ ಕೇಳುತ್ತಾರೆ.

ಈಗ ನಾವು ಅಕ್ಷರ ಕಲಿತಿದ್ದೇವೆ. ನಡುವೆ ಇನ್ನೊಬ್ಬರು ಬೇಕಿಲ್ಲ. ಎರಡೇ ಸಾಲು ಬರೆದರೂ ಅದು ನೇರವಾಗಿ ಮಗಳ ಕೈಗೆ ಹೋಗುತ್ತದೆ. ನಾವು ಕಾರ್ಡು ಮಾಡುವುದು ಆ ಎರಡು ಸಾಲಿಗಾಗಿ. ಚಿತ್ರ ಅದಕ್ಕೆ ಬಾಗಿಲು ಇದ್ದ ಹಾಗೆ.

ಚಿತ್ರಕ್ಕೆ ಮಡಕೆ ಏಕೆ?

ಯಾವ ಚಿತ್ರ ಬರೆಯೋಣ? ನಮಗೆ ಚೆನ್ನಾಗಿ ಗೊತ್ತಿರುವುದನ್ನೇ ಬರೆಯೋಣ. ಮಡಕೆ ಎಲ್ಲರಿಗೂ ಗೊತ್ತು. ಗಡಿಗೆ, ಕುಡಿಕೆ, ಕೊಡ, ಹರವಿ, ಗುಡಾಣ, ಹಣತೆ ಎಂದು ನಮ್ಮಲ್ಲಿ ಎಷ್ಟು ಹೆಸರಿವೆ! ಮೊಸರಿಗೆ ಒಂದು, ನೀರಿಗೆ ಒಂದು, ರಾಗಿ ತುಂಬಲು ಒಂದು. ಈಗ ಪ್ಲಾಸ್ಟಿಕ್ ಕೊಡ ಬಂದಿದೆ, ಸ್ಟೀಲಿನ ಪಾತ್ರೆ ಬಂದಿದೆ. ಆದರೂ ಬೇಸಿಗೆ ಬಂದರೆ ಮಣ್ಣಿನ ಮಡಕೆಯ ತಣ್ಣೀರೇ ಬೇಕು ಎನ್ನುವವರಿದ್ದಾರೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಪೇಟೆಗಳಲ್ಲಿ ರಸ್ತೆ ಬದಿ ಮಡಕೆ ಜೋಡಿಸಿ ಮಾರುವುದನ್ನು ನಾವು ಕಂಡಿದ್ದೇವೆ.

ಮಡಕೆ ಬರೆಯುವುದೂ ಸುಲಭ. ಅದರ ಎಡಭಾಗ ಹೇಗಿದೆಯೋ ಬಲಭಾಗವೂ ಹಾಗೇ ಇದೆ. ಅರ್ಧ ಬರೆದರೆ ಸಾಕು, ಕಾಗದ ಮಡಿಸಿ ಕತ್ತರಿಸಿದರೆ ಇನ್ನರ್ಧ ತಾನಾಗಿ ಬರುತ್ತದೆ. ಈ ಉಪಾಯವನ್ನು ಮುಂದೆ ನೋಡೋಣ.

ಮಡಕೆಯ ಮೈ

ಒಂದು ಮಡಕೆಯನ್ನು ಮುಂದೆ ಇಟ್ಟುಕೊಂಡು ಸರಿಯಾಗಿ ನೋಡಿ. ಅದಕ್ಕೂ ನಮ್ಮ ಹಾಗೆ ಬಾಯಿ ಇದೆ, ಕತ್ತು ಇದೆ, ಹೆಗಲು ಇದೆ, ಹೊಟ್ಟೆ ಇದೆ. ಕೆಳಗೆ ತಳ ಇದೆ.

ಕುಂಬಾರರು ಕೆರೆಯ ಜೇಡಿಮಣ್ಣನ್ನು ತಂದು, ಕಲ್ಲು ಆರಿಸಿ, ತುಳಿದು ಹದ ಮಾಡುತ್ತಾರೆ. ಹದವಾದ ಮಣ್ಣನ್ನು ತಿಗರಿಯ ನಡುವೆ ಇಟ್ಟು ತಿರುಗಿಸುತ್ತಾರೆ. ತಿಗರಿ ತಿರುಗುತ್ತದೆ, ಕೈ ಒಂದೇ ಕಡೆ ನಿಲ್ಲುತ್ತದೆ. ಅದಕ್ಕೇ ಮಡಕೆ ಎಲ್ಲ ಕಡೆಯೂ ಒಂದೇ ಸಮ ದುಂಡಗೆ ಬರುತ್ತದೆ. ತಿರುಗುವ ಮಡಕೆಗೆ ಒಂದು ಕಡ್ಡಿ ತಾಗಿಸಿದರೆ ಸಾಕು. ಸುತ್ತಲೂ ಗೆರೆ ಬಿದ್ದು, ಹೊರಟಲ್ಲಿಗೇ ಬಂದು ಸೇರುತ್ತದೆ. ಮಡಕೆಯ ಮೇಲೆ ಬಳೆಯಂಥ ಗೆರೆಗಳು ಇರುವುದು ಇದರಿಂದಲೇ. ಆಮೇಲೆ ಒಳಗೆ ಕಲ್ಲು ಹಿಡಿದು, ಹೊರಗಿನಿಂದ ಹಲಗೆಯಲ್ಲಿ ತಟ್ಟಿ ಹೊಟ್ಟೆ ಮತ್ತು ತಳವನ್ನು ಅಗಲ ಮಾಡುತ್ತಾರೆ. ಒಣಗಿಸಿ ಆವಿಗೆಯಲ್ಲಿ ಸುಡುತ್ತಾರೆ.

ಬಹಳ ಕಡೆ ತಿಗರಿಯ ಮುಂದೆ ಗಂಡಸರು ಕೂರುತ್ತಾರೆ. ಆದರೆ ಮಣ್ಣು ಹದ ಮಾಡುವುದು, ಒಣಗಿಸುವುದು, ಬಣ್ಣ ಬಳಿಯುವುದು, ತಲೆಯ ಮೇಲೆ ಹೊತ್ತು ಸಂತೆಯಲ್ಲಿ ಮಾರುವುದು ಆ ಮನೆಯ ಹೆಂಗಸರು. ಅವರ ದುಡಿಮೆ ಮಡಕೆಯೊಳಗೇ ಇದೆ. ನೋಡುವವರ ಕಣ್ಣಿಗೆ ಮಾತ್ರ ಕಾಣುವುದಿಲ್ಲ.

ಗೆರೆಗಳು ಮಡಕೆಯ ಯಾವ ಭಾಗದಲ್ಲಿ ಇವೆ? ಕತ್ತಿನಲ್ಲಿ ಇವೆ, ಹೆಗಲ ಮೇಲೆ ಇವೆ. ಕೆಲವಕ್ಕೆ ಹೊಟ್ಟೆಯ ಮೇಲೂ ಇವೆ. ತಳದಲ್ಲಿ ಇಲ್ಲ. ಒಲೆಯ ಮೇಲೆ ಮಸಿ ಹಿಡಿಯುವ ತಳಕ್ಕೆ ಗೆರೆ ಬರೆದು ಏನು ಫಲ? ನೆಲದಲ್ಲಿ ಇಟ್ಟ ಮಡಕೆಯನ್ನು ನಾವು ಮೇಲಿನಿಂದ ನೋಡುತ್ತೇವೆ. ಆಗ ಮೊದಲು ಕಾಣುವುದು ಹೆಗಲು. ಸಿಂಗಾರವೂ ಅಲ್ಲೇ. ಇದನ್ನು ನೆನಪಿಡಿ. ಕಾರ್ಡು ಮಾಡುವಾಗ ಬೇಕಾಗುತ್ತದೆ.

ಎರಡು ಸಾವಿರ ವರ್ಷದ ಗೆರೆ

ಈ ಗೆರೆ ಎಷ್ಟು ಹಳೆಯದು ಗೊತ್ತೇ? ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ ಎಂಬ ಜಾಗ ಇದೆ. ಅಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಎಂಬ ಪಂಡಿತರು ನೆಲ ಅಗೆಸಿದರು. ಮಣ್ಣಿನೊಳಗೆ ಹಳೆಯ ಕಾಲದ ಮಡಕೆ ಚೂರುಗಳು ಸಿಕ್ಕವು.

ಅವುಗಳಲ್ಲಿ ಕೆಲವು ಮಡಕೆಗೆ ಎರಡು ಬಣ್ಣ. ಒಳಗೆ ಮತ್ತು ಬಾಯಿಯ ಅಂಚಿನಲ್ಲಿ ಕಪ್ಪು. ಹೊರಗೆ, ಕೆಳಗೆ ಕೆಂಪು. ಬಳಿದ ಬಣ್ಣ ಇದಲ್ಲ. ಮಡಕೆಯನ್ನು ಬೋರಲು ಹಾಕಿ ಸುಟ್ಟಾಗ ಒಳಗೆ ಗಾಳಿ ಆಡುವುದಿಲ್ಲ, ಆ ಭಾಗ ಕಪ್ಪಾಗುತ್ತದೆ. ಹೊರಗೆ ಗಾಳಿ ಸಿಗುತ್ತದೆ, ಆ ಭಾಗ ಕೆಂಪಾಗುತ್ತದೆ. ಹೀಗೆಂದು ಪಂಡಿತರು ವಿವರಿಸುತ್ತಾರೆ.

ಇನ್ನು ಕೆಲವು ಮಡಕೆ ಸುಮಾರು ಎರಡು ಸಾವಿರ ವರ್ಷದಷ್ಟು ಹಳೆಯವು. ಅವಕ್ಕೆ ಕಾವಿ ಬಣ್ಣ. ಅದರಲ್ಲಿ ಬಿಳಿ ಗೆರೆ. ಅಡ್ಡ ಗೆರೆ, ಓರೆ ಗೆರೆ, ಬಲೆ ಹೆಣೆದಂಥ ಗೆರೆ, ಚುಕ್ಕೆ. ನೋಡಿದರೆ ನಮ್ಮ ಮನೆ ಬಾಗಿಲಿನ ಕೆಮ್ಮಣ್ಣು, ರಂಗೋಲಿ ನೆನಪಾಗುತ್ತವೆ.

ಹಳೆಯ ಚೂರುಗಳ ಮೇಲೆ ಮೊನೆಯಿಂದ ಗೀರಿದ ಗುರುತುಗಳೂ ಸಿಕ್ಕಿವೆ. ನಾವೂ ಪಾತ್ರೆ ಮೇಲೆ ಹೆಸರು ಹಾಕಿಸುತ್ತೇವೆ. ಬಿಂದಿಗೆ ಕೊಂಡರೆ ಅಂಗಡಿಯವನು ಟಿಕ್ ಟಿಕ್ ಎಂದು ಅಕ್ಷರ ಕೊರೆದು ಕೊಡುತ್ತಾನೆ. ಅಲ್ಲಿ ಏನು ಕೊರೆದಿದೆ ಎಂದು ಎಷ್ಟೋ ವರ್ಷ ನಮಗೆ ಓದಲು ಬರುತ್ತಿರಲಿಲ್ಲ. ಇವತ್ತೇ ನಿಮ್ಮ ಬಿಂದಿಗೆ ತೆಗೆದು ಓದಿ ನೋಡಿ.

ಅದೇ ಬ್ರಹ್ಮಗಿರಿಯಲ್ಲಿ ಅಶೋಕ ಚಕ್ರವರ್ತಿ ಬಂಡೆಯ ಮೇಲೆ ಬರೆಸಿದ ಶಾಸನವೂ ಇದೆ. ಅದನ್ನು ಬಿ.ಎಲ್. ರೈಸ್ ಎಂಬುವರು ಪತ್ತೆ ಮಾಡಿದರು. ರಾಜನ ಮಾತು ಬಂಡೆಯ ಮೇಲೆ ಉಳಿಯಿತು. ಮನೆಯವರ ಗೆರೆ ಮಡಕೆಯ ಮೇಲೆ ಉಳಿಯಿತು.

ಮದುವೆಯ ಮಡಕೆ

ಇಷ್ಟು ದೂರ ಹೋಗುವುದೂ ಬೇಡ. ನಮ್ಮ ಕಡೆ ಮದುವೆಗಳಲ್ಲಿ ಸಿಂಗರಿಸಿದ ಮಡಕೆ ತರುವ ಪದ್ಧತಿ ಇದೆ. ಕೆಲವರು ಇದನ್ನು ಅರಿವೇಣಿ ಎನ್ನುತ್ತಾರೆ. ಕೆಲವರು ಐರಾಣಿ ಎನ್ನುತ್ತಾರೆ. ಮುತ್ತೈದೆಯರು ವಾದ್ಯದ ಜೊತೆ ಕುಂಬಾರರ ಮನೆಗೆ ಹೋಗುತ್ತಾರೆ. ಎಲೆ ಅಡಿಕೆ ಕೊಟ್ಟು, ಪೂಜೆ ಮಾಡಿ, ಮಡಕೆಗಳನ್ನು ಹೊತ್ತು ತರುತ್ತಾರೆ. ಚಪ್ಪರದಲ್ಲಿ ಒಂದರ ಮೇಲೊಂದು ಇಡುತ್ತಾರೆ. ಮಡಕೆಗೆ ಸುಣ್ಣದ ಗೆರೆ, ಚುಕ್ಕೆ, ಬಣ್ಣ ಹಾಕಿರುತ್ತಾರೆ. ಮದುವೆಯ ಕಾರ್ಡಿಗೆ ಇದಕ್ಕಿಂತ ಒಳ್ಳೆಯ ಚಿತ್ರ ಎಲ್ಲಿದೆ?

ಹಳೆಯ ಮಡಕೆಗಳನ್ನು ನೋಡಬೇಕು ಅನ್ನಿಸಿದರೆ ರಾಮನಗರದ ಜನಪದ ಲೋಕಕ್ಕೆ ಹೋಗಿ. ಅದು ಬೆಂಗಳೂರು ಮೈಸೂರು ರಸ್ತೆಯಲ್ಲಿದೆ. ಎಚ್.ಎಲ್. ನಾಗೇಗೌಡರು ಇದನ್ನು ಕಟ್ಟಿದರು. 1994ರಲ್ಲಿ ಇದು ಆರಂಭವಾಯಿತು. ಹಳ್ಳಿಯ ಜನ ಬಳಸಿದ ಮಡಕೆ, ಕಣಜ, ಬುಟ್ಟಿ, ಒನಕೆಗಳನ್ನು ಅಲ್ಲಿ ಜೋಪಾನವಾಗಿ ಇಟ್ಟಿದ್ದಾರೆ. ನಮ್ಮ ಅಜ್ಜಿಯರ ಅಡುಗೆಮನೆಯ ಸಾಮಾನನ್ನು ಈಗ ದೂರದ ಊರಿನವರು ಬಂದು ನೋಡುತ್ತಾರೆ. ಹೋಗುವಾಗ ಒಂದು ನೋಟುಪುಸ್ತಕ, ಒಂದು ಪೆನ್ಸಿಲ್ ಹಿಡಿದು ಹೋಗಿ. ಇಷ್ಟವಾದ ಮಡಕೆಯ ಆಕಾರ ಬರೆದುಕೊಂಡು ಬನ್ನಿ.

ಚನ್ನಪಟ್ಟಣದ ಬೊಂಬೆಯನ್ನೂ ಒಮ್ಮೆ ಹೀಗೇ ನೋಡಿ. ಅದು ಮಣ್ಣಿನದಲ್ಲ, ಹಾಲೆ ಮರದ್ದು. ಆದರೆ ಅದೂ ತಿರುಗುತ್ತಲೇ ಆಕಾರ ಪಡೆಯುತ್ತದೆ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಹಳದಿಯ ಪಕ್ಕ ಕೆಂಪು, ಕೆಂಪಿನ ಪಕ್ಕ ಹಸಿರು ಹೀಗೆ ಬಳೆಬಳೆಯಾಗಿ ಬರುತ್ತದೆ. ಮಡಕೆಯ ಗೆರೆಗೂ ಬೊಂಬೆಯ ಪಟ್ಟೆಗೂ ನಿಯಮ ಒಂದೇ. ದುಂಡಗಿನ ವಸ್ತುವಿಗೆ ಅಡ್ಡ ಪಟ್ಟೆ ಒಪ್ಪುತ್ತದೆ.

ಬೇಕಾದ ಸಾಮಾನು

ಈಗ ಕೆಲಸ ಶುರು ಮಾಡೋಣ. ಇಷ್ಟು ಸಾಮಾನು ಜೋಡಿಸಿಕೊಳ್ಳಿ.

1. ಒಂದು ಚಾರ್ಟ್ ಹಾಳೆ. ಬಿಳಿ ಅಥವಾ ತಿಳಿ ಹಳದಿ.
2. ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆ.
3. ಪೆನ್ಸಿಲ್, ಸ್ಕೇಲು, ಕತ್ತರಿ.
4. ಲಕೋಟೆಗೆ ತೆಳು ಕಾಗದ.
5. ಗೋಂದು.
6. ಹಳೆಯ ಹತ್ತಿ ಬಟ್ಟೆ, ಬೆಂಕಿಕಡ್ಡಿ, ಬಿದಿರು ಕಡ್ಡಿ.
7. ಕೆಮ್ಮಣ್ಣು, ಸೀಮೆಸುಣ್ಣ, ದೀಪದ ಮಸಿ.

ಬಣ್ಣವನ್ನು ಕೊಳ್ಳಬೇಕಿಲ್ಲ. ಮಡಕೆಯ ಮೂರು ಬಣ್ಣ ಕೆಂಪು, ಬಿಳಿ, ಕಪ್ಪು. ಮೂರೂ ಮನೆಯಲ್ಲೇ ಆಗುತ್ತವೆ.

ಮೊದಲು ಒಂದು ಚಮಚ ಗೋಂದನ್ನು ಎರಡು ಚಮಚ ನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ.

ಕೆಂಪು: ಕೆಮ್ಮಣ್ಣನ್ನು ಒಂದು ಲೋಟ ನೀರಿಗೆ ಹಾಕಿ ಕಲಕಿ. ಸ್ವಲ್ಪ ಹೊತ್ತು ಬಿಡಿ. ಮರಳು ಕೆಳಗೆ ಕೂರುತ್ತದೆ. ಮೇಲಿನ ಕೆಂಪು ನೀರನ್ನು ಬೇರೆ ಬಟ್ಟಲಿಗೆ ಬಗ್ಗಿಸಿ. ಅದನ್ನು ಅಲುಗಿಸದೆ ಒಂದು ದಿನ ಇಡಿ. ನುಣ್ಣನೆ ಮಣ್ಣು ತಳದಲ್ಲಿ ನಿಲ್ಲುತ್ತದೆ. ನೀರು ಚೆಲ್ಲಿ, ಆ ಮಣ್ಣಿಗೆ ಗೋಂದು ಬೆರೆಸಿ.

ಬಿಳಿ: ಸೀಮೆಸುಣ್ಣವನ್ನು ನುಣ್ಣಗೆ ಪುಡಿ ಮಾಡಿ ಗೋಂದು ಬೆರೆಸಿ. ಗೋಡೆಗೆ ಬಳಿಯುವ ಸುಣ್ಣ ಬೇಡ. ಅದು ಕೈ ಸುಡುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ.

ಕಪ್ಪು: ಎಣ್ಣೆ ದೀಪದ ಮೇಲೆ ಸ್ಟೀಲಿನ ತಟ್ಟೆಯನ್ನು ಇಕ್ಕಳದಲ್ಲಿ ಹಿಡಿಯಿರಿ. ಮಸಿ ಕೂರುತ್ತದೆ. ತಟ್ಟೆ ಆರಿದ ಮೇಲೆ ಮಸಿ ಕೆರೆದು ಗೋಂದು ಬೆರೆಸಿ. ಮಕ್ಕಳನ್ನು ದೀಪದಿಂದ ದೂರ ಇಡಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ.

ಹಾಳೆ ಕತ್ತರಿಸುವ ಲೆಕ್ಕ

ಚಾರ್ಟ್ ಹಾಳೆ ಸಾಮಾನ್ಯವಾಗಿ 28 ಇಂಚು ಉದ್ದ, 22 ಇಂಚು ಅಗಲ ಇರುತ್ತದೆ. ಸೆಂಟಿಮೀಟರಿನಲ್ಲಿ ಸುಮಾರು 71 ಮತ್ತು 56. ನಮಗೆ 18 ಸೆಂ.ಮೀ. ಮತ್ತು 14 ಸೆಂ.ಮೀ. ಅಳತೆಯ ತುಂಡು ಬೇಕು. ಉದ್ದದ ಕಡೆ 14ರಂತೆ ಐದು ಗುರುತು ಹಾಕಿ. ಅಗಲದ ಕಡೆ 18ರಂತೆ ಮೂರು ಗುರುತು ಹಾಕಿ. ಐದು ಮೂರಲ ಹದಿನೈದು. ಒಂದು ಹಾಳೆಯಲ್ಲಿ 15 ಕಾರ್ಡು ಆಯಿತು. ಅಂಚಿನಲ್ಲಿ ಒಂದೆರಡು ಬೆರಳು ಮಾತ್ರ ಉಳಿಯುತ್ತದೆ.

18 ಸೆಂ.ಮೀ. ಬದಿಯನ್ನು ನಡುವೆ ಮಡಿಸಿ. ಕಾರ್ಡು 9 ಸೆಂ.ಮೀ. ಅಗಲ, 14 ಸೆಂ.ಮೀ. ಎತ್ತರ ಆಗುತ್ತದೆ. ಇದು ಅಂಚೆ ಕಾರ್ಡಿನದೇ ಅಳತೆ. ಸ್ಕೇಲು ಇಲ್ಲದಿದ್ದರೆ ಅಂಚೆ ಕಾರ್ಡನ್ನೇ ಇಟ್ಟು ಗುರುತು ಮಾಡಬಹುದು. ಮಡಿಕೆಯ ಮೇಲೆ ಚಮಚದ ಬೆನ್ನಿನಿಂದ ಉಜ್ಜಿದರೆ ನೀಟಾಗಿ ಕೂರುತ್ತದೆ. ಮಡಿಸಿದ ಬದಿ ಎಡಗೈ ಕಡೆ ಇರಲಿ.

ಅರ್ಧ ಬರೆದರೆ ಪೂರ್ತಿ ಮಡಕೆ

ಕ್ಯಾಲೆಂಡರ್ ಹಾಳೆಯಲ್ಲಿ 12 ಸೆಂ.ಮೀ. ಚೌಕ ಕತ್ತರಿಸಿ. ನಡುವೆ ಮಡಿಸಿ. ಮಡಿಕೆಯ ಮೇಲೆ, ಮೇಲಂಚಿನಿಂದ 2 ಸೆಂ.ಮೀ. ಕೆಳಗೆ ಒಂದು ಗುರುತು ಇಡಿ. ಇದು ಮಡಕೆಯ ಬಾಯಿ. ಇಲ್ಲಿಂದ ಅಳೆಯುತ್ತಾ, ಮಡಿಕೆಯಿಂದ ಹೊರಕ್ಕೆ ಚುಕ್ಕೆ ಇಡುತ್ತಾ ಹೋಗಿ.

ಬಾಯಿಯ ಗುರುತಿನಲ್ಲೇ: ಹೊರಕ್ಕೆ 2 ಸೆಂ.ಮೀ. ಇದು ಬಾಯಿಯ ಅಂಚು.
1 ಸೆಂ.ಮೀ. ಕೆಳಗೆ: ಹೊರಕ್ಕೆ ಒಂದೂವರೆ ಸೆಂ.ಮೀ. ಇದು ಕತ್ತು.
3 ಸೆಂ.ಮೀ. ಕೆಳಗೆ: ಹೊರಕ್ಕೆ 3 ಸೆಂ.ಮೀ. ಇದು ಹೆಗಲು.
5 ಸೆಂ.ಮೀ. ಕೆಳಗೆ: ಹೊರಕ್ಕೆ ಮೂರೂವರೆ ಸೆಂ.ಮೀ. ಇದು ಹೊಟ್ಟೆ.
7 ಸೆಂ.ಮೀ. ಕೆಳಗೆ: ಹೊರಕ್ಕೆ ಎರಡೂವರೆ ಸೆಂ.ಮೀ.
8 ಸೆಂ.ಮೀ. ಕೆಳಗೆ: ಮಡಿಕೆಯ ಮೇಲೇ ಚುಕ್ಕೆ. ಇದು ತಳ.

ಬಾಯಿಗೆ ನೇರ ಗೆರೆ ಎಳೆಯಿರಿ. ಉಳಿದ ಚುಕ್ಕೆಗಳನ್ನು ರಂಗೋಲಿ ಸುತ್ತಿದ ಹಾಗೆ ಬಾಗಿಸಿ ಸೇರಿಸಿ. ಕಾಗದ ಮಡಿಸಿದ್ದ ಹಾಗೇ ಗೆರೆಯ ಮೇಲೆ ಕತ್ತರಿಸಿ. ಬಿಚ್ಚಿ ನೋಡಿ. ಎರಡು ಕಡೆಯೂ ಒಂದೇ ಸಮ ಇರುವ ಮಡಕೆ ಕೈಗೆ ಬಂತು. ಉಳಿದ ಹಾಳೆಯಲ್ಲಿ ಮಡಕೆಯ ಆಕಾರದ ತೂತು ಇದೆ. ಇದನ್ನು ಎಸೆಯಬೇಡಿ. ಇದೇ ನಮ್ಮ ಅಚ್ಚು.

ಹೊರಕ್ಕೆ ಇಟ್ಟ ಅಳತೆ ಬದಲಿಸಿದರೆ ಮಡಕೆಯೂ ಬದಲಾಗುತ್ತದೆ. ಹೊಟ್ಟೆ ಕಿರಿದು ಮಾಡಿದರೆ ಕುಡಿಕೆ. ಬಾಯಿ ಅಗಲ ಮಾಡಿದರೆ ಸಾರಿನ ಗಡಿಗೆ. ಎರಡು ಮೂರು ಬಗೆ ಕತ್ತರಿಸಿ ನೋಡಿ. ನಿಮ್ಮ ಮನೆಯ ಮಡಕೆಗೆ ಹತ್ತಿರ ಬಂದದ್ದನ್ನು ಉಳಿಸಿಕೊಳ್ಳಿ.

ಬಣ್ಣ ಹಾಕುವ ಬಗೆ

ಅಚ್ಚನ್ನು ಕಾರ್ಡಿನ ಮೇಲೆ ಇಡಿ. ಮಡಕೆಯ ಮೇಲೆ 2 ಸೆಂ.ಮೀ., ಕೆಳಗೆ 4 ಸೆಂ.ಮೀ. ಜಾಗ ಉಳಿಯಲಿ. ಬಟ್ಟೆಯನ್ನು ಉಂಡೆ ಮಾಡಿ ಕೆಮ್ಮಣ್ಣಿನ ಬಣ್ಣದಲ್ಲಿ ಅದ್ದಿ, ಹಿಂಡಿ. ಬಣ್ಣ ಗಟ್ಟಿಯಾಗಿರಲಿ. ನೀರಾಗಿದ್ದರೆ ಅಚ್ಚಿನ ಕೆಳಗೆ ಹರಿಯುತ್ತದೆ. ಮೆಲ್ಲಗೆ ತಟ್ಟುತ್ತಾ ತೂತು ತುಂಬಿಸಿ. ಉಜ್ಜಬೇಡಿ. ಅಚ್ಚನ್ನು ನೇರ ಮೇಲಕ್ಕೆ ಎತ್ತಿ. ಕೆಂಪು ಮಡಕೆ ಮೂಡಿತು. ನೆರಳಲ್ಲಿ ಒಣಗಿಸಿ.

ಒಣಗಿದ ಮೇಲೆ ಬಿದಿರು ಕಡ್ಡಿಯಲ್ಲಿ ಬಿಳಿ ಗೆರೆ ಎಳೆಯಿರಿ. ಕತ್ತಿಗೆ ಒಂದು, ಹೆಗಲಿಗೆ ಎರಡು. ಗೆರೆ ಸ್ವಲ್ಪ ಕೆಳಕ್ಕೆ ಬಾಗಿರಲಿ. ಆಗ ಮಡಕೆ ದುಂಡಗೆ ಕಾಣುತ್ತದೆ. ನೇರ ಗೆರೆ ಎಳೆದರೆ ಚಪ್ಪಟೆ ಕಾಣುತ್ತದೆ. ಹೆಗಲಿನ ಎರಡು ಗೆರೆಗಳ ನಡುವೆ ಓರೆ ಗೆರೆಗಳ ಬಲೆ ಹೆಣೆಯಿರಿ. ಇಲ್ಲವೇ ಬೆಂಕಿಕಡ್ಡಿಯ ತುದಿಯಿಂದ ಸಾಲಾಗಿ ಚುಕ್ಕೆ ಇಡಿ. ಬಾಯಿಯ ಅಂಚಿಗೆ ಕಪ್ಪು ಹಚ್ಚಿ.

ಅಲ್ಲಿಗೆ ನಿಲ್ಲಿಸಿ. ಕೈಯಲ್ಲಿ ಬಣ್ಣ ಇದೆ ಎಂದು ಹೂವು, ಬಳ್ಳಿ, ಗಿಳಿ ಎಲ್ಲ ತುಂಬಬೇಕು ಅನ್ನಿಸುತ್ತದೆ. ಬೇಡ. ಹೊಟ್ಟೆಯ ಕೆಳಭಾಗವನ್ನು ಖಾಲಿ ಬಿಡಿ. ಮಡಕೆಯ ಸುತ್ತಲೂ ಖಾಲಿ ಬಿಡಿ. ಸುತ್ತ ಬಯಲು ಇದ್ದರೆ ಚಿತ್ರ ಎದ್ದು ಕಾಣುತ್ತದೆ. ಗುಡಿಸಿ ಸಾರಿಸಿದ ಅಂಗಳದಲ್ಲಿ ಒಂದೇ ರಂಗೋಲಿ ಇದ್ದರೆ ಎಷ್ಟು ಚೆಂದ ಅಲ್ವಾ, ಹಾಗೆ.

ಕೆಳಗೆ ಉಳಿದ ಜಾಗದಲ್ಲಿ "ಶುಭಾಶಯ" ಎಂದು ಬರೆಯಿರಿ. ಮೊದಲು ಪೆನ್ಸಿಲಿನಲ್ಲಿ ಬರೆಯಿರಿ. ಶು-ಭಾ-ಶ-ಯ. ನಾಲ್ಕೇ ಅಕ್ಷರ. ಸರಿ ಇದೆ ಎಂದು ನೋಡಿಕೊಂಡು ಕಪ್ಪು ಬಣ್ಣದಲ್ಲಿ ತಿದ್ದಿ.

ಒಳಗೆ ಏನು ಬರೆಯೋಣ?

ಕಾರ್ಡು ತೆರೆಯಿರಿ. ಬಲಗಡೆ ಬಿಳಿ ಜಾಗ ಇದೆ. ಇಲ್ಲಿ ನಮ್ಮ ಮಾತು ಬರೆಯಬೇಕು.

ಯಾರಿಗೆ ಬರೆಯುತ್ತೇವೆ, ಯಾಕೆ ಬರೆಯುತ್ತೇವೆ ಎಂದು ಒಂದು ನಿಮಿಷ ಯೋಚಿಸಿ. ಎದುರಿಗೆ ಇದ್ದರೆ ಏನು ಮಾತಾಡುತ್ತಿದ್ದೆವು? ಅದನ್ನೇ ಬರೆಯಿರಿ. ದೊಡ್ಡ ದೊಡ್ಡ ಪದ ಬೇಡ. ಒಂದು ಶುಭಾಶಯ, ಮನೆಯ ಒಂದು ಸುದ್ದಿ, ಮನಸ್ಸಿನ ಒಂದು ಮಾತು. ಮೂರು ಇದ್ದರೆ ಸಾಕು.

ಮಗಳಿಗೆ ಹೀಗೆ ಬರೆಯಬಹುದು:

"ಪ್ರೀತಿಯ ಮಗಳೇ, ಯುಗಾದಿ ಹಬ್ಬದ ಶುಭಾಶಯ. ಹಿತ್ತಿಲ ಹಲಸು ಈ ವರ್ಷ ತುಂಬಾ ಕಾಯಿ ಬಿಟ್ಟಿದೆ. ನಿನಗೆ ಬರಬೇಕು ಅನ್ನಿಸಿದ ದಿನ ಬಾ. ಹಬ್ಬವೇ ಆಗಬೇಕು ಅಂತಿಲ್ಲ. ಇದನ್ನು ನಾನೇ ಬರೆದೆ. ನಿನ್ನ ಅವ್ವ."

ತಮ್ಮನ ಮದುವೆಗೆ ಹೋಗಲು ಆಗದ ಅಕ್ಕ ಹೀಗೆ ಬರೆಯಬಹುದು:

"ತಮ್ಮ, ನಿನಗೂ ನಾದಿನಿಗೂ ಮದುವೆಯ ಶುಭಾಶಯ. ಹುಳು ನಾಲ್ಕನೇ ಜ್ವರಕ್ಕೆ ಕೂತಿವೆ. ಬಿಟ್ಟು ಬರಲು ಆಗಲಿಲ್ಲ. ಗೂಡು ಮಾರಿದ ಮಾರನೇ ದಿನ ಬರುತ್ತೇನೆ. ನಾದಿನಿ ಓದಿದ್ದಾಳಂತೆ. ಅವಳನ್ನೇ ಉತ್ತರ ಬರೆಯಲು ಹೇಳು. ನಿನ್ನ ಅಕ್ಕ."

ಅಕ್ಷರ ತಪ್ಪಾದರೆ? ಆಗಲಿ. ಒತ್ತಕ್ಷರ ಮರೆಯಿತು, ದೀರ್ಘ ಬಿಟ್ಟುಹೋಯಿತು ಎಂದು ಕಾರ್ಡು ಹರಿಯಬೇಡಿ. ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾಗಿ ಬರೆಯಿರಿ. ಕೈಯಿಂದ ಮಾಡಿದ ಮಡಕೆಯಲ್ಲಿ ಬೆರಳಿನ ಗುರುತು ಇರುತ್ತದೆ. ಅದನ್ನು ಯಾರೂ ದೋಷ ಎನ್ನುವುದಿಲ್ಲ. ಕೊನೆಗೆ ಸಹಿ ಮಾಡಿ. ಹೆಬ್ಬೆಟ್ಟು ಒತ್ತುತ್ತಿದ್ದ ಕೈಯ ಸಹಿ ಅದು.

ಲಕೋಟೆ ಮತ್ತು ವಿಳಾಸ

ತೆಳು ಕಾಗದವನ್ನು 16 ಸೆಂ.ಮೀ. ಅಗಲ, 24 ಸೆಂ.ಮೀ. ಉದ್ದಕ್ಕೆ ಕತ್ತರಿಸಿ. ಕೆಳಗಿನಿಂದ 10 ಸೆಂ.ಮೀ. ಮೇಲಕ್ಕೆ ಮಡಿಸಿ. ಎರಡು ಪಕ್ಕದ ಅಂಚಿಗೆ ತೆಳ್ಳಗೆ ಗೋಂದು ಹಚ್ಚಿ ಒತ್ತಿ. ಮೇಲೆ 4 ಸೆಂ.ಮೀ. ಉಳಿಯಿತಲ್ಲ, ಅದೇ ಮುಚ್ಚಳ. ಕಾರ್ಡು ಒಳಗಿಟ್ಟು ಮುಚ್ಚಿ ಅಂಟಿಸಿ.

ಅಂಚೆಯಲ್ಲಿ ಸಾದಾ ಪತ್ರಕ್ಕೆ 20 ಗ್ರಾಂ ಲೆಕ್ಕದಲ್ಲಿ ದರ ಇದೆ. ನಮ್ಮ ಕಾರ್ಡು, ಲಕೋಟೆ ಎರಡೂ ಸೇರಿ 20 ಗ್ರಾಮಿನ ಒಳಗೇ ಬರುತ್ತದೆ. ಅಂಚೆ ಕಚೇರಿಯಲ್ಲಿ ತೂಗಿಸಿ, ದರ ಕೇಳಿ, ಅಷ್ಟು ಬೆಲೆಯ ಚೀಟಿ ಹಚ್ಚಿ.

ವಿಳಾಸವನ್ನು ಹೀಗೆ ಬರೆಯಿರಿ. ಮೊದಲು ಹೆಸರು. ಆಮೇಲೆ ಮನೆ ನಂಬರು, ಬೀದಿ. ಆಮೇಲೆ ಊರು, ಅಂಚೆ. ಆಮೇಲೆ ತಾಲ್ಲೂಕು, ಜಿಲ್ಲೆ. ಕೊನೆಗೆ ಪಿನ್ ನಂಬರು.

ಪಿನ್ ನಂಬರಿನಲ್ಲಿ 6 ಅಂಕಿ ಇರುತ್ತವೆ. ಈ ಪದ್ಧತಿ 1972ರ ಆಗಸ್ಟ್ 15ರಂದು ಶುರುವಾಯಿತು. ನಮ್ಮ ನಾಲ್ಕು ಪಟ್ಟಣಗಳ ಪಿನ್ ಹೀಗಿದೆ:

ರಾಮನಗರ 562159
ಚನ್ನಪಟ್ಟಣ 562160
ಕನಕಪುರ 562117
ಮಾಗಡಿ 562120

ನೋಡಿ, ಮೊದಲ ಮೂರು ಅಂಕಿ ನಾಲ್ಕಕ್ಕೂ ಒಂದೇ. ಕೊನೆಯ ಮೂರು ಅಂಕಿ ಅಂಚೆ ಕಚೇರಿಯನ್ನು ತೋರಿಸುತ್ತದೆ. ನಿಮ್ಮ ಹಳ್ಳಿಯ ಪಿನ್ ಬೇರೆ ಇರಬಹುದು. ಆಧಾರ್ ಕಾರ್ಡಿನಲ್ಲಿ ಇದೆ, ಹುಡುಕಿ ಓದಿ.

ಜಿಲ್ಲೆಯ ಹೆಸರು ಎರಡು ಸಲ ಬದಲಾಗಿದೆ. ಈ ನಾಲ್ಕು ತಾಲ್ಲೂಕು ಮೊದಲು ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿದ್ದವು. 2007ರಲ್ಲಿ ರಾಮನಗರ ಜಿಲ್ಲೆ ಆಯಿತು. 2025ರ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಒಪ್ಪಿತು. ಯಾವ ಹೆಸರು ಬರೆಯಬೇಕು ಎಂದು ಗಾಬರಿ ಬೇಡ. ಊರು, ಪಿನ್ ಸರಿಯಾಗಿದ್ದರೆ ಕಾಗದ ತಲುಪುತ್ತದೆ.

ಮಾರುವುದಾದರೆ

ಸಂಘದ ಹೆಂಗಸರು ಸೇರಿ ಹೆಚ್ಚು ಕಾರ್ಡು ಮಾಡಬಹುದು. ಒಂದು ಅಚ್ಚಿನಿಂದ ಹದಿನೈದು ಕಾರ್ಡು ತಟ್ಟಬಹುದು. ಒಬ್ಬರು ಕತ್ತರಿಸಲಿ, ಒಬ್ಬರು ಬಣ್ಣ ತಟ್ಟಲಿ, ಒಬ್ಬರು ಗೆರೆ ಎಳೆಯಲಿ. ಮಾರುವ ಕಾರ್ಡಿನ ಒಳಗೆ ಏನೂ ಬರೆಯಬೇಡಿ. ಕೊಂಡವರು ತಮ್ಮ ಮಾತು ಬರೆದುಕೊಳ್ಳಲಿ.

ಬೆಲೆ ಹೇಗೆ ಇಡುವುದು? ಒಂದು ಲೆಕ್ಕ ನೋಡೋಣ. ಚಾರ್ಟ್ ಹಾಳೆಗೆ 15 ರೂಪಾಯಿ ಎಂದು ಇಟ್ಟುಕೊಳ್ಳಿ. ಒಂದು ಕಾರ್ಡಿಗೆ 1 ರೂಪಾಯಿ ಆಯಿತು. ಲಕೋಟೆಗೆ 1 ರೂಪಾಯಿ. ಗೋಂದು, ಬಣ್ಣಕ್ಕೆ 1 ರೂಪಾಯಿ. ಒಟ್ಟು 3 ರೂಪಾಯಿ. 5 ರೂಪಾಯಿಗೆ ಮಾರಿದರೆ 2 ರೂಪಾಯಿ ಲಾಭ ಅನ್ನಿಸುತ್ತದೆ. ಆದರೆ ನಮ್ಮ ಕೂಲಿ ಎಲ್ಲಿ?

15 ಕಾರ್ಡು ಮಾಡಲು ಅರ್ಧ ದಿನ ಬೇಕು ಎಂದು ಇಟ್ಟುಕೊಳ್ಳಿ. ಅರ್ಧ ದಿನದ ಕೂಲಿ 225 ರೂಪಾಯಿ ಎಂದು ಇಟ್ಟುಕೊಳ್ಳಿ. 225ನ್ನು 15ರಿಂದ ಭಾಗಿಸಿದರೆ 15 ರೂಪಾಯಿ. ಸಾಮಾನು 3, ಕೂಲಿ 15. ಒಂದು ಕಾರ್ಡಿನ ನಿಜವಾದ ಖರ್ಚು 18 ರೂಪಾಯಿ. 5 ರೂಪಾಯಿಗೆ ಮಾರಿದರೆ ಪ್ರತಿ ಕಾರ್ಡಿಗೂ ನಮ್ಮ ಗಂಟಿನಿಂದ 13 ರೂಪಾಯಿ ಹೋದಂತೆ. "ಮನೇಲಿ ಕೂತು ಮಾಡೋದು ತಾನೆ" ಎಂದು ಚೌಕಾಸಿ ಮಾಡುವವರು ಬರುತ್ತಾರೆ. ಅವರಿಗೆ ಈ ಲೆಕ್ಕ ತೋರಿಸಿ. ಸಂತೆಯಲ್ಲಿ ಮಡಕೆ ಮಾರುವ ಅಕ್ಕನ ಹತ್ತಿರ ಚೌಕಾಸಿ ಮಾಡುವಾಗ ನಾವೂ ಇದೇ ಲೆಕ್ಕ ನೆನೆಸಿಕೊಳ್ಳೋಣ.

ಈಗ ನೀವು ಮಾಡಿ

1. ನಿಮ್ಮ ಮನೆಯಲ್ಲಿರುವ ಮಣ್ಣಿನ ಪಾತ್ರೆಗಳ ಹೆಸರು ಬರೆಯಿರಿ. ಅಜ್ಜಿಯನ್ನು ಕೇಳಿ ಹಳೆಯ ಹೆಸರುಗಳನ್ನೂ ಸೇರಿಸಿ.
2. ನಿಮ್ಮ ವಿಳಾಸವನ್ನು ಪಿನ್ ಸಮೇತ ಬರೆಯಿರಿ.
3. ಚಾರ್ಟ್ ಹಾಳೆಗೆ 30 ರೂಪಾಯಿ ಆದರೆ ಒಂದು ಕಾರ್ಡಿನ ಖರ್ಚು ಎಷ್ಟು? ಕೂಲಿ ಮರೆಯಬೇಡಿ.
4. ಬಹಳ ದಿನದಿಂದ ಯಾರಿಗೋ ಏನೋ ಹೇಳಬೇಕು ಎಂದುಕೊಂಡಿದ್ದೀರಿ. ಇನ್ನೊಬ್ಬರ ಮುಂದೆ ಬರೆಸಲು ಆಗದೆ ಉಳಿದ ಮಾತು ಅದು. ಒಂದು ಮಡಕೆ ಕಾರ್ಡು ಮಾಡಿ. ಅದರೊಳಗೆ ಆ ಮಾತು ಬರೆಯಿರಿ. ಯಾರಿಗೂ ತೋರಿಸಬೇಕಿಲ್ಲ. ಅಂಟಿಸಿ ಡಬ್ಬಿಗೆ ಹಾಕಿ ಬನ್ನಿ.